ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸೂಪರ್‌ಮಾರ್ಕೆಟ್ಟಿನಲ್ಲಿ ನಮ್ಮ ಬುಟ್ಟಿ ತುಂಬಿಸುವವರು ಯಾರು?

ನಾಲ್ಕು ಸಾಮಾನಿಗೆಂದು ಹೋಗಿ ಎರಡು ಚೀಲ ತುಂಬಿಸಿಕೊಂಡು ಬರುತ್ತೇವಲ್ಲ, ಇದು ನಮ್ಮ ಮನಸ್ಸಿನ ದೌರ್ಬಲ್ಯವೋ ಅಂಗಡಿಯ ಜಾಣ್ಮೆಯೋ? ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಇದನ್ನೇ. ಚಿಲ್ಲರೆ ವ್ಯಾಪಾರದ ಒಳಹೊರಗು ಬಲ್ಲವರು ಕೊಟ್ಟ ಉತ್ತರಗಳು ಇಲ್ಲಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿದ್ದೇವೆ.

ಪ್ರಶ್ನೆ: ಹಾಲು, ಮೊಟ್ಟೆಯಂಥ ದಿನಬಳಕೆಯ ವಸ್ತುಗಳನ್ನು ಬೇಕೆಂದೇ ಅಂಗಡಿಯ ಕಟ್ಟಕಡೆಗೆ ಇಡುತ್ತಾರೆ, ನಾವು ಎಲ್ಲ ಸಾಲುಗಳನ್ನೂ ಸುತ್ತಲಿ ಎಂದು. ಹೀಗೆ ಹೇಳುವುದನ್ನು ಕೇಳಿದ್ದೇನೆ. ನಿಜವೇ?

ಉತ್ತರ: ಅರ್ಧ ನಿಜ. ಹಾಲು ತಣ್ಣಗಿರಬೇಕು. ಸರಕಿನ ಲಾರಿ ನಿಲ್ಲುವುದು ಸಾಮಾನ್ಯವಾಗಿ ಕಟ್ಟಡದ ಹಿಂಬದಿಯಲ್ಲಿ, ಶೀತಲ ಕೋಣೆ ಇರುವುದೂ ಅಲ್ಲೇ. ಎಷ್ಟೋ ಅಂಗಡಿಗಳಲ್ಲಿ ಹಾಲಿನ ಫ್ರಿಜ್ಜಿಗೆ ಹಿಂದಿನಿಂದ ಸರಕು ತುಂಬುತ್ತಾರೆ. ಹೊಸದು ಹಿಂದೆ ಸೇರುತ್ತದೆ, ಹಳೆಯದು ತಾನಾಗಿ ಮುಂದಕ್ಕೆ ಜಾರುತ್ತದೆ. ತಣ್ಣನೆಯ ಸರಕನ್ನು ಅಂಗಡಿಯ ಉದ್ದಕ್ಕೂ ಎಳೆದು ಬಾಗಿಲ ಬಳಿ ತರುವುದು ಕೆಲಸವೂ ಹೆಚ್ಚು, ಹಾಳಾಗುವ ಅಪಾಯವೂ ಹೆಚ್ಚು. ಹಾಗೆಂದು ವ್ಯಾಪಾರದ ಲೆಕ್ಕ ಇಲ್ಲವೆಂದಲ್ಲ. ಎಲ್ಲರಿಗೂ ಬೇಕಾದ ವಸ್ತು ದೂರದಲ್ಲಿದ್ದರೆ ದಾರಿಯಲ್ಲಿ ಕಣ್ಣಿಗೆ ಬೀಳುವ ಸರಕು ಹೆಚ್ಚು ಎನ್ನುವುದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು.

ಈ ಲೆಕ್ಕ ಸೂಪರ್‌ಮಾರ್ಕೆಟ್ಟಿನಷ್ಟೇ ಹಳೆಯದು. 1916ರವರೆಗೆ ಗಿರಾಕಿ ಕೌಂಟರಿನ ಮುಂದೆ ನಿಂತು ಪಟ್ಟಿ ಹೇಳುತ್ತಿದ್ದ, ಒಳಗಿನಿಂದ ಸಾಮಾನು ತಂದುಕೊಡುತ್ತಿದ್ದವನು ಗುಮಾಸ್ತ. ಆ ವರ್ಷ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ಸ್ವಸಹಾಯ ಅಂಗಡಿ ತೆರೆದರು. ಒಳಬಂದವರು ಬೇಲಿ ಕಟ್ಟಿದ ಒಂದೇ ದಾರಿಯಲ್ಲಿ, ಎಲ್ಲ ಶೆಲ್ಫುಗಳನ್ನೂ ಹಾದು, ಹಣ ಕೊಡುವ ಜಾಗಕ್ಕೆ ಬರಬೇಕಿತ್ತು. 1917ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟನ್ನೂ ಪಡೆದರು. ಗುಮಾಸ್ತನ ಕೆಲಸ ಗಿರಾಕಿಯ ಕೈಗೆ ಬಂದದ್ದು ಆಗ. ಕೇಳದೇ ಇದ್ದ ವಸ್ತು ಕೈಗೆಟುಕಲು ಶುರುವಾದದ್ದೂ ಆಗಲೇ.

ಆದರೆ ಇಂದಿನ ದೊಡ್ಡ ಅಂಗಡಿಯಲ್ಲಿ ಜನ ಎಲ್ಲ ಸಾಲನ್ನೂ ಸುತ್ತುವುದಿಲ್ಲ. ಟ್ರಾಲಿಗಳ ತಳದಲ್ಲಿ ರೇಡಿಯೊ ಟ್ಯಾಗ್ ಅಂಟಿಸಿ ಅವುಗಳ ಓಡಾಟವನ್ನು ದಾಖಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹೆಚ್ಚಿನವರು ಅಂಗಡಿಯ ಹೊರಸುತ್ತಿನಲ್ಲೇ ನಡೆಯುತ್ತಾರೆ, ಬೇಕಾದ ಸಾಲಿಗೆ ಸ್ವಲ್ಪ ಒಳಹೊಕ್ಕು, ಹೋದ ದಾರಿಯಲ್ಲೇ ಹಿಂದಿರುಗುತ್ತಾರೆ ಎಂದು ಅದು ತೋರಿಸಿತು. ಸಾಲಿನ ನಡುಭಾಗವನ್ನು ನೋಡುವವರು ಕಡಿಮೆ, ತುದಿಯನ್ನು ನೋಡುವವರು ಹೆಚ್ಚು. ಅಂಗಡಿಯಲ್ಲಿ ಸಾಲಿನ ತುದಿಗೆ, ಅಂದರೆ ಎಂಡ್ ಕ್ಯಾಪಿಗೆ, ಅಷ್ಟು ಬೆಲೆ ಬಂದಿರುವುದು ಇದರಿಂದಲೇ. ತುದಿಯಲ್ಲಿ ರಾಶಿ ಹಾಕಿದ ವಸ್ತು ಅಗ್ಗವೆಂದು ಕಣ್ಣು ತಾನೇ ತೀರ್ಮಾನಿಸಿಬಿಡುತ್ತದೆ. ಎಷ್ಟೋ ಸಲ ಅಲ್ಲಿ ರಿಯಾಯಿತಿಯೇ ಇರುವುದಿಲ್ಲ, ದೊಡ್ಡ ಅಕ್ಷರದ ಬೆಲೆಯ ಫಲಕವಷ್ಟೇ ಇರುತ್ತದೆ. ಅಲ್ಲಿಂದ ಎತ್ತಿಕೊಳ್ಳುವ ಮುನ್ನ ಸಾಲಿನೊಳಗೆ ಅದೇ ಜಾತಿಯ ವಸ್ತು ಇರುವ ಜಾಗಕ್ಕೆ ಹೋಗಿ ಬೆಲೆ ನೋಡಿ ಬನ್ನಿ.

ಪ್ರಶ್ನೆ: ಬಾಗಿಲು ದಾಟುತ್ತಿದ್ದಂತೆ ಹಣ್ಣು, ತರಕಾರಿ, ಹೂವು ಇರುತ್ತವಲ್ಲ, ಯಾಕೆ?

ಉತ್ತರ: ಮೊದಲು ಕಂಡ ತಾಜಾತನದ ಅನಿಸಿಕೆ ಇಡೀ ಅಂಗಡಿಗೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆಯಿಂದ. ಗಿರಾಕಿಗೆ ಇದು ಅನುಕೂಲದ ಕ್ರಮವಲ್ಲ, ಮೊದಲು ಹಾಕಿದ ಮೆತ್ತನೆಯ ಹಣ್ಣಿನ ಮೇಲೆ ಡಬ್ಬಿಗಳು ಬೀಳುತ್ತವೆ. ಭಾರದ ಸಾಮಾನು ಮೊದಲು, ಹಣ್ಣು ತರಕಾರಿ ಆಮೇಲೆ, ತಣ್ಣಗಿನ ಮತ್ತು ಹೆಪ್ಪುಗಟ್ಟಿದ ವಸ್ತುಗಳು ಕಟ್ಟಕಡೆಗೆ: ಈ ಕ್ರಮದಲ್ಲಿ ತಿರುಗಿದರೆ ಸರಕೂ ಕೆಡುವುದಿಲ್ಲ. ಸೊಪ್ಪಿನ ಮೇಲೆ ತುಂತುರು ನೀರು ಸಿಂಪಡಿಸಿದ್ದರೆ ತೂಕಕ್ಕೆ ಇಡುವ ಮುನ್ನ ಕೊಡವಿ. ಎಲೆಗಳ ನಡುವೆ ನಿಂತ ನೀರಿಗೂ ಸೊಪ್ಪಿನ ಬೆಲೆಯೇ ಬೀಳುತ್ತದೆ, ಒದ್ದೆಯಾಗಿ ಕಟ್ಟಿಟ್ಟರೆ ಬೇಗ ಕೊಳೆಯುತ್ತದೆ ಕೂಡ. ಬಣ್ಣವನ್ನು ಆ ಕಟ್ಟೆಯ ಮೇಲಿನ ದೀಪದಲ್ಲಿ ನಂಬಬೇಡಿ. ಮಾಂಸದ ಮೇಲೆ ಕೆಂಪು ಎದ್ದು ಕಾಣುವ ಬೆಳಕು, ಬ್ರೆಡ್ಡಿನ ಮೇಲೆ ಹಳದಿ ಬೆಳಕು ಹಾಕುವ ರೂಢಿ ಇದೆ. ಎರಡು ಹೆಜ್ಜೆ ಆಚೆ, ಸಾಧಾರಣ ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ಕಣ್ಣಿನ ಎತ್ತರದ ಶೆಲ್ಫಿನಲ್ಲಿ ಯಾವಾಗಲೂ ಅದೇ ಕೆಲವು ಬ್ರ್ಯಾಂಡುಗಳು. ಆ ಜಾಗವನ್ನು ಯಾರು ನಿರ್ಧರಿಸುತ್ತಾರೆ? ಕಂಪನಿಗಳು ಅದಕ್ಕೆ ದುಡ್ಡು ಕೊಡುತ್ತವೆಯೇ?

ಉತ್ತರ: ಶೆಲ್ಫಿನಲ್ಲಿ ಯಾವ ವಸ್ತು, ಯಾವ ಎತ್ತರದಲ್ಲಿ, ಎಷ್ಟು ಅಗಲದಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದು ನಕ್ಷೆ ಇರುತ್ತದೆ. ಅದನ್ನು ಪ್ಲಾನೋಗ್ರಾಮ್ ಎನ್ನುತ್ತಾರೆ. ಸರಪಳಿ ಅಂಗಡಿಗಳಲ್ಲಿ ಅದು ಮುಖ್ಯ ಕಚೇರಿಯಲ್ಲಿ ತಯಾರಾಗುತ್ತದೆ, ಅಂಗಡಿಯ ಹುಡುಗರು ಅದನ್ನು ನೋಡಿಕೊಂಡು ಜೋಡಿಸುತ್ತಾರೆ. ಒಂದು ವಸ್ತುವಿನ ಎಷ್ಟು ಪೊಟ್ಟಣಗಳು ಮುಖ ತೋರಿಸಿಕೊಂಡು ಅಕ್ಕಪಕ್ಕ ನಿಂತಿವೆ ಎಂಬ ಎಣಿಕೆಯ ಹೆಸರು ಫೇಸಿಂಗ್. ಎತ್ತರದಷ್ಟೇ ಇದೂ ಮುಖ್ಯ. ಗಿರಾಕಿಗಳ ಕಣ್ಣಿನ ಚಲನೆಯನ್ನು ಅಳೆದು ನಡೆಸಿದ ಅಧ್ಯಯನಗಳಲ್ಲಿ ಫೇಸಿಂಗ್ ಹೆಚ್ಚಿದಷ್ಟೂ ಆ ಬ್ರ್ಯಾಂಡಿನ ಮೇಲೆ ಕಣ್ಣು ಬೀಳುವುದು ಹೆಚ್ಚಿದೆ, ಆರಿಸುವುದೂ ಹೆಚ್ಚಿದೆ. ಒಂದು ಎಚ್ಚರಿಕೆ: ಕಣ್ಣಿಗೆ ಬಿದ್ದದ್ದೆಲ್ಲ ಬುಟ್ಟಿಗೆ ಬೀಳುವುದಿಲ್ಲ. ನೋಟದಲ್ಲಾದ ಏರಿಕೆಗಿಂತ ಮಾರಾಟದ ಏರಿಕೆ ಚಿಕ್ಕದು.

ದುಡ್ಡಿನ ವಿಚಾರಕ್ಕೆ ಬಂದರೆ, ಹೌದು, ಹಲವು ದೇಶಗಳಲ್ಲಿ ಕೊಡುತ್ತಾರೆ. ಹೊಸ ವಸ್ತುವನ್ನು ಶೆಲ್ಫಿಗೆ ಸೇರಿಸಿಕೊಳ್ಳಲು ಪಡೆಯುವ ಹಣಕ್ಕೆ ಸ್ಲಾಟಿಂಗ್ ಫೀ ಎಂದು ಹೆಸರು. ಇದಲ್ಲದೆ ಎಂಡ್ ಕ್ಯಾಪಿಗೆ, ಜಾಹೀರಾತು ಪತ್ರದಲ್ಲಿನ ಜಾಗಕ್ಕೆ, ಬಿಲ್ಲಿಂಗ್ ಕೌಂಟರಿನ ಪಕ್ಕದ ಸ್ಟ್ಯಾಂಡಿಗೆ ಬೇರೆ ಬೇರೆ ಒಪ್ಪಂದ. ಹಣವೇ ಆಗಬೇಕೆಂದಿಲ್ಲ, ಉಚಿತ ಸರಕಿನ ರೂಪದಲ್ಲೋ ಸಗಟು ದರದ ಕಡಿತದಲ್ಲೋ ಬರಬಹುದು. ಅಂಗಡಿಯವರ ವಾದಕ್ಕೂ ಅರ್ಥವಿದೆ: ಹೊಸ ಸರಕುಗಳಲ್ಲಿ ಬಹಳಷ್ಟು ಸೋಲುತ್ತವೆ, ಸೋತ ಸರಕು ಹಿಡಿದ ಜಾಗದ ನಷ್ಟವನ್ನು ಯಾರಾದರೂ ಭರಿಸಬೇಕು. ಆದರೆ ಆ ಹಣ ಹೊಂದಿಸಲಾಗದ ಸಣ್ಣ ತಯಾರಕನ ಒಳ್ಳೆಯ ಸರಕು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಈ ವ್ಯವಸ್ಥೆಯಲ್ಲಿ ನಮಗೆ ಅತ್ಯಂತ ತಕರಾರಿನದಾಗಿ ಕಾಣುವುದು ಇದೇ. ಬ್ರಿಟನ್ನಿನಲ್ಲಿ 2010ರಿಂದ ಜಾರಿಯಲ್ಲಿರುವ ದಿನಸಿ ಪೂರೈಕೆ ಸಂಹಿತೆ ದೊಡ್ಡ ಅಂಗಡಿಗಳ ಮೇಲೆ ಒಂದು ಕಟ್ಟು ಹಾಕಿದೆ. ಪ್ರಚಾರದ ಆಫರಿಗೆ ಸಂಬಂಧಿಸಿ ಅಲ್ಲದೆ, ಒಳ್ಳೆಯ ಜಾಗ ಕೊಡಿಸುವುದಕ್ಕಾಗಿ ಪೂರೈಕೆದಾರರಿಂದ ಹಣ ಕೇಳುವಂತಿಲ್ಲ.

ಇನ್ನೊಂದು ಪದ್ಧತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಒಂದು ವಿಭಾಗದಲ್ಲಿ ಹೆಚ್ಚು ಮಾರುವ ಕಂಪನಿಯನ್ನೇ ಅಂಗಡಿಯವರು ಆ ವಿಭಾಗದ 'ಕ್ಯಾಪ್ಟನ್' ಆಗಿ ಆರಿಸಿಕೊಳ್ಳುತ್ತಾರೆ. ಆ ಕಂಪನಿ ಇಡೀ ಶೆಲ್ಫಿಗೆ, ತನ್ನ ಎದುರಾಳಿಗಳ ಜಾಗಕ್ಕೂ ಸೇರಿಸಿ, ಸಲಹೆ ಕೊಡುತ್ತದೆ. ಕೊನೆಯ ತೀರ್ಮಾನ ಅಂಗಡಿಯದೇ ಆದರೂ ನಕ್ಷೆಯ ಮೊದಲ ಗೆರೆ ಯಾರ ಕೈಯಿಂದ ಬಂತೆಂಬುದು ಸಣ್ಣ ಮಾತಲ್ಲ.

ಕೊಳ್ಳುವವರು ಮಾಡಬಹುದಾದದ್ದು ಸರಳ. ಶೆಲ್ಫಿನ ಮುಂದೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ, ಮೇಲಿನ ಮತ್ತು ತಳದ ಹಲಗೆಗಳನ್ನು ಮೊದಲು ನೋಡಿ, ನಡುವಿನದನ್ನು ಕೊನೆಗೆ ನೋಡಿ. ಅಂಗಡಿಯ ಸ್ವಂತ ಬ್ರ್ಯಾಂಡು ಹೆಚ್ಚಾಗಿ ಹೆಸರುವಾಸಿ ಬ್ರ್ಯಾಂಡಿನ ಬಲಪಕ್ಕದಲ್ಲೋ ಕೆಳಗೋ ಹೋಲುವ ಬಣ್ಣದಲ್ಲಿ ನಿಂತಿರುತ್ತದೆ, ಹೋಲಿಸಿ ನೋಡಲಿ ಎಂದೇ. ಸಕ್ಕರೆ, ಉಪ್ಪು, ಹಿಟ್ಟಿನಂಥ ಒಂದೇ ಪದಾರ್ಥದ ಸರಕುಗಳಲ್ಲಿ ಈ ಸ್ವಂತ ಬ್ರ್ಯಾಂಡು ತೆಗೆದುಕೊಂಡರೆ ಕಳೆದುಕೊಳ್ಳುವುದು ಕಡಿಮೆ. ಹಲವು ಪದಾರ್ಥ ಬೆರೆಸಿದ ವಸ್ತುವಾದರೆ ಲೇಬಲ್ಲಿನ ಪದಾರ್ಥಗಳ ಪಟ್ಟಿ ಓದಿ. ಆ ಪಟ್ಟಿಯನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಹಾಗಾಗಿ ಮೊದಲ ಮೂರು ಹೆಸರುಗಳಲ್ಲೇ ಹೆಚ್ಚಿನ ವ್ಯತ್ಯಾಸ ತಿಳಿಯುತ್ತದೆ.

ಪ್ರಶ್ನೆ: ಒಂದೊಂದು ಪೊಟ್ಟಣದ ತೂಕ ಒಂದೊಂದು ಥರ. ನಿಂತ ಜಾಗದಲ್ಲೇ ಯಾವುದು ಅಗ್ಗ ಎಂದು ಕಂಡುಕೊಳ್ಳುವುದು ಹೇಗೆ? ದೊಡ್ಡ ಪ್ಯಾಕ್ ಯಾವಾಗಲೂ ಲಾಭವೇ?

ಉತ್ತರ: ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಶೆಲ್ಫ್ ಜೋಡಣೆ, ಆಫರ್, ಪೊಟ್ಟಣದ ಆಕಾರ ಇವೆಲ್ಲ ಕೆಲಸ ಮಾಡುವುದು ನಾವು ಪೊಟ್ಟಣದ ಬೆಲೆ ನೋಡುವುದರಿಂದ. ಘಟಕ ಬೆಲೆ, ಅಂದರೆ 100 ಗ್ರಾಮಿಗೆ ಅಥವಾ 100 ಮಿಲಿಲೀಟರಿಗೆ ಎಷ್ಟು ಎಂಬುದನ್ನು ನೋಡಿದ ಕೂಡಲೇ ಅವುಗಳ ಬಲ ಬಹಳಷ್ಟು ಕುಗ್ಗುತ್ತದೆ.

ಒಂದು ಲೆಕ್ಕ ನೋಡಿ. ಚಿಕ್ಕ ಪ್ಯಾಕ್ 400 ಗ್ರಾಂ, ಬೆಲೆ 120. ನಡುವಿನದು 650 ಗ್ರಾಂ, ಬೆಲೆ 182. ದೊಡ್ಡದು 1 ಕಿಲೊ, ಬೆಲೆ 295. ತೂಕವನ್ನು ನೂರರ ಗುಂಪುಗಳಾಗಿ ಎಣಿಸಿ: 4, 6.5, 10. ಬೆಲೆಯನ್ನು ಅದರಿಂದ ಭಾಗಿಸಿ. 100 ಗ್ರಾಮಿಗೆ ಕ್ರಮವಾಗಿ 30, 28, 29.5 ಬರುತ್ತದೆ. ಅಗ್ಗವಾದದ್ದು ನಡುವಿನದು, ದೊಡ್ಡದಲ್ಲ. ದೊಡ್ಡ ಪ್ಯಾಕಿಗೆ ಘಟಕ ಬೆಲೆ ಹೆಚ್ಚಾಗಿರುವುದು ಅಪರೂಪದ ಸಂಗತಿಯೇನಲ್ಲ. ವ್ಯಾಪಾರ ಶಾಸ್ತ್ರದಲ್ಲಿ ಇದನ್ನು ಪ್ರಮಾಣದ ಮೇಲಿನ ಹೆಚ್ಚುವರಿ ಬೆಲೆ ಎಂದು ಪ್ರತ್ಯೇಕವಾಗಿಯೇ ಅಧ್ಯಯನ ಮಾಡಿದ್ದಾರೆ. ಚಿಕ್ಕ ಪ್ಯಾಕಿಗೆ ರಿಯಾಯಿತಿ ಬಂದಿರುವ ವಾರದಲ್ಲಿ ಹೀಗಾಗುವುದು ಹೆಚ್ಚು. ದೊಡ್ಡದು ಅಗ್ಗವೆಂಬ ನಮ್ಮ ನಂಬಿಕೆಯೇ ಇದಕ್ಕೆ ಅವಕಾಶ ಮಾಡಿಕೊಡುತ್ತದೆ.

ಭಾಗಾಕಾರ ತಲೆಗೆ ಹತ್ತದಿದ್ದರೆ ಪಟ್ಟು ಲೆಕ್ಕ ಹಾಕಿ. 400 ಮತ್ತು 650ರಲ್ಲಿ ತೂಕ ಒಂದೂವರೆ ಪಟ್ಟಿಗಿಂತ ಸಾಕಷ್ಟು ಮೇಲಿದೆ. ಬೆಲೆ 120 ಮತ್ತು 182, ಸರಿಸುಮಾರು ಒಂದೂವರೆ ಪಟ್ಟು. ತೂಕದ ಪಟ್ಟು ಬೆಲೆಯ ಪಟ್ಟಿಗಿಂತ ಹೆಚ್ಚಿದ್ದರೆ ದೊಡ್ಡದು ಅಗ್ಗ. ಸಾಕು.

ಶೆಲ್ಫಿನ ಪಟ್ಟಿಯಲ್ಲಿ ಘಟಕ ಬೆಲೆ ಅಚ್ಚಾಗಿದ್ದರೂ ಎರಡು ಕಡೆ ಎಡವುವ ಸಾಧ್ಯತೆ ಇದೆ. ಒಂದಕ್ಕೆ 100 ಗ್ರಾಮಿನ ಲೆಕ್ಕ, ಪಕ್ಕದ್ದಕ್ಕೆ ಕಿಲೊ ಲೆಕ್ಕ, ಮತ್ತೊಂದಕ್ಕೆ ಒಂದು ತುಂಡಿನ ಲೆಕ್ಕ ಇರಬಹುದು. ಇನ್ನು ಆಫರ್ ಬಂದಾಗ ದೊಡ್ಡ ಬೆಲೆಯ ಫಲಕ ಬದಲಾಗಿ, ಘಟಕ ಬೆಲೆ ಮಾತ್ರ ಹಳೆಯದೇ ಉಳಿದಿರಬಹುದು. ಎರಡಕ್ಕೂ ಫೋನಿನ ಕ್ಯಾಲ್ಕುಲೇಟರ್ ಸಾಕು.

ತೂಕವೇ ಮೋಸ ಮಾಡುವ ಸರಕುಗಳೂ ಇವೆ. ದ್ರವದಲ್ಲಿ ಮುಳುಗಿಸಿದ ಡಬ್ಬಿ ಆಹಾರಕ್ಕೆ ಒಟ್ಟು ತೂಕ ಬೇರೆ, ನೀರು ಸೋಸಿದ ತೂಕ ಬೇರೆ. ಎರಡು ಡಬ್ಬಿ, ಎರಡೂ 400 ಗ್ರಾಂ. ಮೊದಲನೆಯದು 96ಕ್ಕೆ, ಸೋಸಿದ ತೂಕ 240. ಎರಡನೆಯದು 105ಕ್ಕೆ, ಸೋಸಿದ ತೂಕ 280. ಮೇಲ್ನೋಟಕ್ಕೆ ಮೊದಲನೆಯದೇ ಅಗ್ಗ. ತಿನ್ನುವ ಭಾಗದ ಲೆಕ್ಕ ಹಿಡಿದರೆ 100 ಗ್ರಾಮಿಗೆ ಮೊದಲನೆಯದು 40, ಎರಡನೆಯದು 37.5. ಬಟ್ಟೆ ಒಗೆಯುವ ದ್ರಾವಣಕ್ಕೆ ಲೀಟರಿನ ಲೆಕ್ಕ ಉಪಯೋಗಕ್ಕೆ ಬಾರದು, ಒಗೆತದ ಲೆಕ್ಕ ಬೇಕು. ಒಂದು ಸಲಕ್ಕೆ 35 ಮಿಲಿ ಸಾಕಾಗುವ 1 ಲೀಟರ್ ಬಾಟಲಿ 28 ಒಗೆತಕ್ಕೆ ಬರುತ್ತದೆ. 75 ಮಿಲಿ ಬೇಡುವ ಒಂದೂವರೆ ಲೀಟರ್ ಬಾಟಲಿ ಬರುವುದು 20 ಒಗೆತಕ್ಕೆ. ಕಾಗದದ ಸುರುಳಿಗೆ ಸುರುಳಿಗಳ ಸಂಖ್ಯೆಯಲ್ಲ, ಹಾಳೆಗಳ ಸಂಖ್ಯೆ ನೋಡಿ, ಪದರ ಎಷ್ಟೆಂದೂ ನೋಡಿ.

ಕೊನೆಯದು, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು: ಕೆಟ್ಟು ಎಸೆಯುವ ಪಾಲು. ಮೇಲಿನ 650 ಗ್ರಾಮಿನ ಪ್ಯಾಕಿನಲ್ಲಿ ಹತ್ತರಲ್ಲಿ ಒಂದು ಪಾಲು ಹಾಳಾದರೂ ಬಳಸಿದ ಭಾಗದ ದರ 28ರಿಂದ 31ರ ಮೇಲೇರುತ್ತದೆ. ಆಗ 30ರ ಚಿಕ್ಕ ಪ್ಯಾಕೇ ಅಗ್ಗ. ಬೇಗ ಕೆಡುವ ವಸ್ತುವಿನಲ್ಲಿ ಹೀಗೆ ಸಣ್ಣ ಉಳಿತಾಯದ ಆಸೆಗೆ ದೊಡ್ಡ ಪ್ಯಾಕ್ ಹೊತ್ತು ತರಬೇಡಿ.

ಪ್ರಶ್ನೆ: "50% ಹೆಚ್ಚು ಉಚಿತ", "3ಕ್ಕೆ 2ರ ಬೆಲೆ", "ಎರಡನೆಯದು ಅರ್ಧ ಬೆಲೆಗೆ": ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಎಲ್ಲವನ್ನೂ ಶೇಕಡಾ ಕಡಿತಕ್ಕೆ ತಿರುಗಿಸಿ ನೋಡಿ. ಒಂದು ಕೊಂಡರೆ ಒಂದು ಉಚಿತ ಎಂದರೆ 50% ಕಡಿತ. ಮೂರಕ್ಕೆ ಎರಡರ ಬೆಲೆ ಎಂದರೆ 33%. ಎರಡನೆಯದು ಅರ್ಧ ಬೆಲೆಗೆ ಎಂದರೆ ಎರಡೂ ಸೇರಿ 25%. 50% ಹೆಚ್ಚು ಉಚಿತ ಎಂಬುದು 50% ಕಡಿತವಲ್ಲ, ಅದೂ 33%. "20% ಕಡಿತ, ಅದರ ಮೇಲೆ ಇನ್ನೂ 20%" ಎಂಬುದು 40 ಅಲ್ಲ, 36. ದರ ಇಳಿಸುವುದಕ್ಕಿಂತ ಹೆಚ್ಚು ಕೊಡುತ್ತೇವೆ ಎಂಬ ಮಾತು ಕೇಳುಗರನ್ನು ಹೆಚ್ಚು ಸೆಳೆಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ದೊಡ್ಡ ಸಂಖ್ಯೆಯನ್ನು ನಮ್ಮ ಮನಸ್ಸು ಯಾವುದರ ಶೇಕಡಾ ಎಂದು ಕೇಳದೆ ನುಂಗಿಬಿಡುತ್ತದೆ.

"5ಕ್ಕೆ ಇಷ್ಟು" ಎಂಬ ಫಲಕವಿದ್ದರೆ ಐದೂ ಕೊಳ್ಳಲೇಬೇಕೆ ಎಂದು ಸಣ್ಣ ಅಕ್ಷರ ಓದಿ. ಕೆಲವೆಡೆ ಒಂದಕ್ಕೂ ಅದೇ ದರ ಸಿಗುತ್ತದೆ, ಐದು ಎಂಬ ಅಂಕಿ ಅಲ್ಲಿರುವುದು ನಮ್ಮ ಕೈಯನ್ನು ಐದರವರೆಗೆ ಒಯ್ಯಲು. "ಒಬ್ಬರಿಗೆ ಇಷ್ಟೇ" ಎಂಬ ಮಿತಿಯೂ ಹೀಗೆಯೇ, ಅಂಗಡಿಯಲ್ಲಿ ಕೊರತೆ ಇಲ್ಲದಿದ್ದರೂ ಕೊರತೆಯ ಅನಿಸಿಕೆ ಹುಟ್ಟುತ್ತದೆ.

ಹಳೆಯ ಬೆಲೆಗೆ ಅಡ್ಡಗೆರೆ ಎಳೆದಿದ್ದರೆ ಆ ಹಳೆಯ ಬೆಲೆ ಎಂದಿನದು ಎಂಬುದೇ ಪ್ರಶ್ನೆ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ ಅನ್ವಯವಾದ ನಿಯಮದಂತೆ, ಕಡಿತ ಘೋಷಿಸುವವರು ಅದಕ್ಕೂ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾವೇ ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಬೇಗ ಕೆಡುವ ಸರಕಿಗೆ ಆಯಾ ದೇಶ ವಿನಾಯಿತಿ ಕೊಡಬಹುದು. ಇಂಥ ನಿಯಮವಿಲ್ಲದ ಕಡೆ ನಿಮ್ಮ ಹಳೆಯ ಬಿಲ್ಲುಗಳೇ ಸಾಕ್ಷಿ. ಪದೇ ಪದೇ ಕೊಳ್ಳುವ ಹತ್ತು ಹದಿನೈದು ವಸ್ತುಗಳ ಘಟಕ ಬೆಲೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬೆಲೆ ಅದೇ ಇದೆ, ಪೊಟ್ಟಣ ಮಾತ್ರ ತೆಳ್ಳಗಾಗುತ್ತಿದೆ ಅನಿಸುತ್ತದೆ. ಭ್ರಮೆಯೇ?

ಉತ್ತರ: ಭ್ರಮೆಯಲ್ಲ. 500 ಗ್ರಾಂ ಇದ್ದದ್ದು ಅದೇ ಬೆಲೆಗೆ 450 ಆದರೆ ಘಟಕ ಬೆಲೆ 11% ಏರಿದಂತೆ. ಬೆಲೆಯ ಬದಲಾವಣೆಗೆ ನಮ್ಮ ಕಣ್ಣು ಚುರುಕು, ತೂಕದ ಬದಲಾವಣೆಗೆ ಮಂದ. ಬಾಟಲಿಯ ತಳ ಒಳಕ್ಕೆ ಡೊಂಕಾಗುತ್ತದೆ, ಡಬ್ಬಿಯ ಎತ್ತರ ಹಾಗೇ ಇದ್ದು ದಪ್ಪ ಕಡಿಮೆಯಾಗುತ್ತದೆ, "ಹೊಸ ಪ್ಯಾಕ್" ಎಂಬ ಪಟ್ಟಿ ಬರುತ್ತದೆ. ಹೊಸ ವಿನ್ಯಾಸ ಕಂಡಾಗಲೆಲ್ಲ ಮೊದಲು ನಿವ್ವಳ ತೂಕ ನೋಡಿ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಪ್ರಮಾಣ ಇಳಿದು ಘಟಕ ಬೆಲೆ ಏರಿದ ಸರಕಿನ ಬಳಿ ಎರಡು ತಿಂಗಳು ಸೂಚನಾ ಫಲಕ ಹಾಕಬೇಕೆಂಬ ನಿಯಮವಿದೆ. ಎಲ್ಲ ಕಡೆಯೂ ಬರಬೇಕಾದ ನಿಯಮ ಇದು.

ಪ್ರಶ್ನೆ: ಅಂಗಡಿಯ ಸಂಗೀತ, ಬ್ರೆಡ್ಡಿನ ಪರಿಮಳ ಇವುಗಳಿಂದ ನಿಜಕ್ಕೂ ಮಾರಾಟ ಹೆಚ್ಚುತ್ತದೆಯೇ?

ಉತ್ತರ: ಹೆಚ್ಚಿದ್ದನ್ನು ತೋರಿಸಿದ ಪ್ರಯೋಗಗಳಿವೆ. 1982ರಲ್ಲಿ ಪ್ರಕಟವಾದ ರೊನಾಲ್ಡ್ ಮಿಲಿಮನ್ ಅವರ ಅಧ್ಯಯನದಲ್ಲಿ ವೇಗದ ಸಂಗೀತ ಹಾಕಿದ ದಿನಗಳಿಗಿಂತ ನಿಧಾನ ಗತಿಯ ಸಂಗೀತದ ದಿನಗಳಲ್ಲಿ ಸೂಪರ್‌ಮಾರ್ಕೆಟ್ಟಿನ ಮಾರಾಟ ಸುಮಾರು 38% ಹೆಚ್ಚಿತ್ತು. ಕಾರಣ ಸರಳ: ಜನ ನಿಧಾನ ನಡೆದರು. 1997ರಲ್ಲಿ ಇಂಗ್ಲೆಂಡಿನ ಸೂಪರ್‌ಮಾರ್ಕೆಟ್ ಒಂದರ ವೈನ್ ಶೆಲ್ಫಿನ ಬಳಿ ಒಂದು ದಿನ ಫ್ರೆಂಚ್ ಸಂಗೀತ, ಇನ್ನೊಂದು ದಿನ ಜರ್ಮನ್ ಸಂಗೀತ ಹಾಕಿದಾಗ ಆಯಾ ದೇಶದ ವೈನ್ ಹೆಚ್ಚು ಹೋಯಿತು. ಕೇಳಿದರೆ ಕೊಂಡವರಲ್ಲಿ ಬಹುಪಾಲು ಜನ ಸಂಗೀತಕ್ಕೂ ತಮ್ಮ ಆಯ್ಕೆಗೂ ಸಂಬಂಧವಿಲ್ಲ ಎಂದರು.

ಆದರೂ ಒಂದೊಂದು ಅಂಗಡಿಯಲ್ಲಿ ನಡೆದ ಪ್ರಯೋಗದ ಅಂಕಿಯನ್ನು ಎಲ್ಲೆಡೆಗೂ ಅನ್ವಯಿಸಬಾರದು. 2000ದಲ್ಲಿ ಪ್ರಕಟವಾದ ಜಾಮ್ ಪ್ರಯೋಗವನ್ನೇ ನೋಡಿ. 24 ಬಗೆ ಇಟ್ಟಾಗ ಜನ ಹೆಚ್ಚು ನಿಂತು ನೋಡಿದರು, ಆದರೆ ನಿಂತವರಲ್ಲಿ ಕೊಂಡವರು 3% ಮಾತ್ರ. 6 ಬಗೆ ಇಟ್ಟಾಗ 30%. ಬಗೆ ಹೆಚ್ಚಿದಷ್ಟೂ ಕೊಳ್ಳುವುದು ಕಡಿಮೆ ಎಂದು ಎಲ್ಲರೂ ಇದನ್ನು ಉದಾಹರಿಸಿದರು. ಅಂಥ ಹಲವಾರು ಪ್ರಯೋಗಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಎಂದು ಬಂತು. ಪರಿಣಾಮ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಅಂಗಡಿಯ ಪ್ರತಿ ಬೆಳಕಿನ ಹಿಂದೆಯೂ ಮಂತ್ರವಿದೆ ಎಂದು ಹೆದರಬೇಕಿಲ್ಲ. ಜಾಗ, ಬೆಲೆಯ ಫಲಕ ಮತ್ತು ನಾವು ಒಳಗೆ ಕಳೆಯುವ ಸಮಯ, ಗಮನ ಕೊಡಬೇಕಾದದ್ದು ಈ ಮೂರಕ್ಕೆ.

ಪ್ರಶ್ನೆ: ಟ್ರಾಲಿ ದೊಡ್ಡದಾದರೆ ಹೆಚ್ಚು ಕೊಳ್ಳುತ್ತೇವೆಯೇ?

ಉತ್ತರ: ಕೈ ಸೋತಾಗ ಖರೀದಿ ನಿಲ್ಲುತ್ತದೆ ಎಂಬುದನ್ನು ಕಂಡೇ ಒಕ್ಲಹೋಮಾ ನಗರದ ಅಂಗಡಿ ಮಾಲೀಕ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಗಾಲಿ ಗಾಡಿ ತಂದದ್ದು. ಮೊದಮೊದಲು ಯಾರೂ ಮುಟ್ಟಲಿಲ್ಲ. ಟ್ರಾಲಿ ತಳ್ಳಿಕೊಂಡು ಅಂಗಡಿಯಲ್ಲಿ ಓಡಾಡಲು ಅವರು ಸಂಬಳ ಕೊಟ್ಟು ಜನರನ್ನು ಇಟ್ಟರು. ಹತ್ತಕ್ಕಿಂತ ಕಡಿಮೆ ವಸ್ತು ಬೇಕಿದ್ದರೆ ಕೈಬುಟ್ಟಿ ಹಿಡಿಯಿರಿ, ಭಾರ ತಾನೇ ಲೆಕ್ಕ ಹೇಳುತ್ತದೆ.

ಪ್ರಶ್ನೆ: ಬಿಲ್ಲಿಂಗ್ ಸಾಲಿನಲ್ಲಿ ಮಗು ಚಾಕಲೇಟಿಗೆ ಹಟ ಮಾಡುತ್ತದೆ. ಅಲ್ಲಿಂದ ಅದನ್ನು ತೆಗೆಸಲು ಆಗದೇ?

ಉತ್ತರ: ಕೆಲವೆಡೆ ಕಾನೂನೇ ತೆಗೆಸಿದೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳ 2000 ಚದರ ಅಡಿಗಿಂತ ದೊಡ್ಡ ಅಂಗಡಿಗಳಲ್ಲಿ, ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ನಿಗದಿತ ಬಗೆಯ ತಿನಿಸುಗಳನ್ನು ಬಾಗಿಲ ಬಳಿ, ಸಾಲಿನ ತುದಿಯಲ್ಲಿ, ಬಿಲ್ಲಿಂಗ್ ಕೌಂಟರಿನ ಬಳಿ ಇಡುವಂತಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 2020ರಲ್ಲಿ ಇಂಥದೇ ನಿಯಮ ಮಾಡಿತು. ನಿಷೇಧಿಸಿದ ಜಾಗಗಳ ಪಟ್ಟಿಯನ್ನೇ ಗಮನಿಸಿ, ಯಾವ ಜಾಗಕ್ಕೆ ಮಾರುವ ಶಕ್ತಿ ಹೆಚ್ಚು ಎಂಬುದು ಅದರಲ್ಲೇ ಇದೆ.

ನಿಯಮವಿಲ್ಲದಿದ್ದರೆ ಹೀಗೆ ಮಾಡಿ: ಒಳಹೋಗುವ ಮುನ್ನವೇ ಮಗು ಒಂದು ವಸ್ತು ಆರಿಸಬಹುದು, ಅದೂ ಇಂಥ ಸಾಲಿನಿಂದ ಎಂದು ಮಾತಾಡಿಕೊಳ್ಳಿ. ಅದನ್ನು ಮೊದಲೇ ಬುಟ್ಟಿಗೆ ಹಾಕಿಸಿ. ಕ್ಯೂ ನಿಂತಾಗ ಮಗುವಿನ ಕೈಗೆ ಕೆಲಸ ಕೊಡಿ, ಸಾಮಾನನ್ನು ಬೆಲ್ಟಿನ ಮೇಲೆ ಎತ್ತಿಡುವುದು ಅವರಿಗೆ ಇಷ್ಟ. ಕಾಯುವ ಹೊತ್ತು ಉದ್ದವಾದಷ್ಟೂ ಆ ಸ್ಟ್ಯಾಂಡಿಗೆ ಅವಕಾಶ ಹೆಚ್ಚು, ಆದ್ದರಿಂದ ಜನ ಕಡಿಮೆ ಇರುವ ಸಮಯ ಆರಿಸಿಕೊಳ್ಳಿ.

ಪ್ರಶ್ನೆ: ಪಾಯಿಂಟ್ ಕಾರ್ಡ್ ಮಾಡಿಸಿಕೊಳ್ಳುವುದು ಲಾಭವೇ?

ಉತ್ತರ: ಕಾರ್ಡ್ ಇದ್ದವರಿಗೆ ಮಾತ್ರ ಕಡಿಮೆ ಬೆಲೆ ಎನ್ನುವ ಅಂಗಡಿಯಲ್ಲಿ ಇಲ್ಲದಿದ್ದರೆ ನಷ್ಟ. ಆದರೆ ಕೊಡುವುದೇನೆಂದು ತಿಳಿದಿರಲಿ. ಕಾರ್ಡಿಲ್ಲದ ಬಿಲ್ ಒಂದು ದಿನದ ಲೆಕ್ಕ. ಕಾರ್ಡ್ ತೋರಿಸಿದರೆ ಎಲ್ಲ ಬಿಲ್ಲುಗಳೂ ಒಂದು ಮನೆಯ ಚರಿತ್ರೆಯಾಗಿ ಸೇರಿಕೊಳ್ಳುತ್ತವೆ. ಯಾವ ಬ್ರ್ಯಾಂಡು ಬಿಟ್ಟಿರಿ, ಎಷ್ಟು ಕಡಿತಕ್ಕೆ ಮರಳಿದಿರಿ, ಎಲ್ಲವೂ. ಮನೆಗೆ ಬರುವ ಕೂಪನ್ ಆ ಚರಿತ್ರೆ ನೋಡಿಯೇ ಬರುವಂಥದ್ದು.

ಪಾಯಿಂಟಿನ ಬಲ ಇನ್ನೊಂದು. 2006ರಲ್ಲಿ ಪ್ರಕಟವಾದ, ಕಾರು ತೊಳೆಯುವ ಅಂಗಡಿಯೊಂದರ ಪ್ರಯೋಗದಲ್ಲಿ ಕೆಲವರಿಗೆ 8 ಮುದ್ರೆ ಬೇಕಾದ ಖಾಲಿ ಕಾರ್ಡು, ಉಳಿದವರಿಗೆ 10 ಮುದ್ರೆ ಬೇಕಾದ, ಅದರಲ್ಲಿ 2 ಮೊದಲೇ ಒತ್ತಿದ ಕಾರ್ಡು ಕೊಟ್ಟರು. ಇಬ್ಬರಿಗೂ ಬೇಕಿದ್ದದ್ದು ಎಂಟೇ. ಕಾರ್ಡ್ ತುಂಬಿಸಿದವರು ಮೊದಲ ಗುಂಪಿನಲ್ಲಿ 19%, ಎರಡನೆಯದರಲ್ಲಿ 34%. "ನೀವು ಆಗಲೇ ಇಷ್ಟು ದೂರ ಬಂದಿದ್ದೀರಿ" ಎಂದು ಆ್ಯಪ್ ಹೇಳಿದಾಗ ಇದನ್ನು ನೆನೆಯಿರಿ. ಒಂದು ಪಾಯಿಂಟಿನ ನಿಜ ಬೆಲೆ ಖರೀದಿಯ ಶೇಕಡಾ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ. ಅದು 1% ಆಗಿದ್ದರೆ, ಬೇರೆಡೆ 3% ಅಗ್ಗವಿರುವ ವಸ್ತುವನ್ನು ಪಾಯಿಂಟಿಗಾಗಿ ಇಲ್ಲಿ ಕೊಳ್ಳಬಾರದು.

ಪ್ರಶ್ನೆ: ಆ್ಯಪ್‌ನಲ್ಲಿ ತರಿಸಿಕೊಂಡರೆ ಈ ತಾಪತ್ರಯ ತಪ್ಪುತ್ತದೆಯೇ?

ಉತ್ತರ: ವಾಸನೆ, ಸಂಗೀತ ತಪ್ಪುತ್ತವೆ. ಕಣ್ಣಿನ ಎತ್ತರದ ಶೆಲ್ಫಿನ ಜಾಗಕ್ಕೆ ಮೊಬೈಲ್ ಪರದೆಯ ಮೊದಲ ಎರಡು ಸಾಲು ಬರುತ್ತವೆ, ಅವುಗಳಲ್ಲಿ 'ಪ್ರಾಯೋಜಿತ' ಎಂದು ಸಣ್ಣದಾಗಿ ಬರೆದವು ಹಣ ಕೊಟ್ಟು ಬಂದವು. ಹುಡುಕಿದ ಕೂಡಲೇ ವಿಂಗಡಣೆಯನ್ನು 'ಘಟಕ ಬೆಲೆ'ಗೆ ಬದಲಿಸಿ, ಆ ಸೌಲಭ್ಯ ಇಲ್ಲದಿದ್ದರೆ 'ಕಡಿಮೆ ಬೆಲೆ'ಗೆ. 'ಕಡಿಮೆ ಬೆಲೆ'ಯಲ್ಲಿ ಚಿಕ್ಕ ಪೊಟ್ಟಣಗಳೇ ಮೇಲೆ ಬರುತ್ತವೆ, ಅದು ಗಮನದಲ್ಲಿರಲಿ. ಉಚಿತ ಡೆಲಿವರಿಯ ಮಿತಿ ಮುಟ್ಟಲು ಬೇಡದ್ದನ್ನು ಸೇರಿಸುವ ಮುನ್ನ ಆ ವಸ್ತುವಿನ ಬೆಲೆ ಡೆಲಿವರಿ ಶುಲ್ಕಕ್ಕಿಂತ ಕಡಿಮೆಯೇ ಎಂದು ನೋಡಿ. ಸರಕು ಇಲ್ಲದಿದ್ದರೆ ಬದಲಿ ಕಳಿಸಲು ಒಪ್ಪಿಗೆಯ ಗುರುತು ಮೊದಲೇ ಬಿದ್ದಿದ್ದರೆ ತೆಗೆದುಹಾಕಿ. ಆ್ಯಪ್‌ನ ದೊಡ್ಡ ಅನುಕೂಲ ಒಂದೇ: ಕಾರ್ಟಿನ ಮೊತ್ತ ಸದಾ ಕಣ್ಣ ಮುಂದಿರುತ್ತದೆ, ತೆಗೆದುಹಾಕಲು ಯಾರ ಮುಖವೂ ನೋಡಬೇಕಿಲ್ಲ. ಕಾರ್ಟ್ ತುಂಬಿಸಿ ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಹಣ ಕಟ್ಟಿ.

ಪ್ರಶ್ನೆ: ಶೆಲ್ಫಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಹೀಗೇಕಾಗುತ್ತದೆ? ಪ್ರತಿ ಸಲ ಇಡೀ ಬಿಲ್ ಓದಲು ಆಗುವುದಿಲ್ಲ.

ಉತ್ತರ: ಬಾರ್‌ಕೋಡಿನೊಳಗೆ ಬೆಲೆ ಇರುವುದಿಲ್ಲ, ವಸ್ತುವಿನ ಸಂಖ್ಯೆ ಮಾತ್ರ ಇರುತ್ತದೆ. ಅಂಗಡಿಯಲ್ಲೇ ತೂಗಿ ಅಂಟಿಸುವ ಚೀಟಿಗಳಷ್ಟೇ ಇದಕ್ಕೆ ಅಪವಾದ. 1974ರ ಜೂನ್ 26ರಂದು ಓಹಿಯೋದ ಟ್ರಾಯ್ ಪಟ್ಟಣದ ಸೂಪರ್‌ಮಾರ್ಕೆಟ್ಟಿನಲ್ಲಿ ಮೊದಲ ಬಾರಿಗೆ ಒಂದು ಚೂಯಿಂಗ್ ಗಮ್ ಪೊಟ್ಟಣವನ್ನು ಹೀಗೆ ಸ್ಕ್ಯಾನ್ ಮಾಡಿದಂದಿನಿಂದ ಬೆಲೆ ಇರುವುದು ಕಂಪ್ಯೂಟರಿನಲ್ಲಿ. ಅಲ್ಲಿ ದರ ಬದಲಾದ ಕ್ಷಣಕ್ಕೂ ಶೆಲ್ಫಿನ ಚೀಟಿ ಬದಲಾಗುವ ಹೊತ್ತಿಗೂ ಅಂತರ ಬೀಳುತ್ತದೆ. ಆಫರ್ ಶುರುವಾಗುವ ಮತ್ತು ಮುಗಿಯುವ ದಿನ ತಪ್ಪು ಹೆಚ್ಚು.

ಆದ್ದರಿಂದ ಇಡೀ ಬಿಲ್ ಓದಬೇಕಿಲ್ಲ. ಆಫರಿನಲ್ಲಿ ತೆಗೆದುಕೊಂಡ ವಸ್ತುಗಳನ್ನು ಬೇರೆ ಗುಂಪಾಗಿ ಬೆಲ್ಟಿನ ಮೇಲೆ ಕೊನೆಗೆ ಇಡಿ, ಬಿಲ್ಲಿನಲ್ಲೂ ಅವು ಕೊನೆಗೇ ಬರುತ್ತವೆ. ಅಷ್ಟನ್ನು ನೋಡಿ. ಕಡಿತವನ್ನು ಕೆಲವು ಬಿಲ್ಲುಗಳಲ್ಲಿ ಆಯಾ ವಸ್ತುವಿನ ಕೆಳಗೆ ತೋರಿಸುತ್ತಾರೆ, ಕೆಲವದರಲ್ಲಿ ಒಟ್ಟು ಮೊತ್ತಕ್ಕೆ ಮುಂಚೆ ಸೇರಿಸಿ ತೋರಿಸುತ್ತಾರೆ. ಆಮೇಲೆ ಬಿಡಿಯಾಗಿ ತೂಗಿದ ವಸ್ತುಗಳ ಸಂಕೇತ ನೋಡಿ, ಹೋಲುವ ಎರಡು ಹಣ್ಣುಗಳ ಸಂಕೇತ ಅದಲುಬದಲಾಗುವುದು ಸಾಮಾನ್ಯ. ಕೊನೆಗೆ ಒಂದೇ ವಸ್ತು ಎರಡು ಸಲ ಸ್ಕ್ಯಾನ್ ಆಗಿದೆಯೇ ಎಂದು ಸಂಖ್ಯೆಯ ಅಂಕಣದ ಮೇಲೆ ಕಣ್ಣಾಡಿಸಿ. ಆಫರಿನ ಫಲಕವನ್ನು ಎತ್ತಿಕೊಳ್ಳುವಾಗಲೇ ಫೋಟೊ ತೆಗೆದಿದ್ದರೆ ಕೌಂಟರಿನಲ್ಲಿ ವಾದವೇ ಬೇಡ, ದಿನಾಂಕ ಮತ್ತು ಸಣ್ಣ ಅಕ್ಷರ ಎರಡೂ ಅದರಲ್ಲಿ ಬರುವಂತೆ ತೆಗೆಯಿರಿ. ವ್ಯತ್ಯಾಸ ಕಂಡರೆ ಹಣ ಕೊಡುವ ಮುನ್ನವೇ ಹೇಳಿ. ಕೊಟ್ಟ ಮೇಲಾದರೆ ಬಿಲ್ ಹಿಡಿದು ಗ್ರಾಹಕ ಸೇವಾ ಕೌಂಟರಿಗೆ ಹೋಗಬೇಕು, ಅಲ್ಲಿ ಕ್ಯೂ ಬೇರೆ.